ವೈಫೈ ಆರಿಸಿ ತೋರಿಸಿ: ಕ್ಯಾಮೆರಾ ಕೂರಿಸುವ ತಮ್ಮಂದಿರಿಗೆ ಖೈತಾನ್‌ನಿಂದ ಒಂದು ಬಹಿರಂಗ ಪತ್ರ

ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಪುತ್ತೂರು ಕಡೆ ಮನೆ ಮನೆಗೆ ಹೋಗಿ ಸಿಸಿ ಕ್ಯಾಮೆರಾ ಕೂರಿಸುವ ತಮ್ಮಂದಿರಿಗೆ,

ನೀವು ಕೂರಿಸಿ ಹೋದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇವೆ. ಸ್ಕ್ರೂ ಬಿಗಿಯಾಗಿದೆ, ವಯರು ಮಾಡಿನ ಅಂಚಿನಲ್ಲಿ ಅಂದವಾಗಿ ಸಾಗಿದೆ, ರಾತ್ರಿಯ ಚಿತ್ರವೂ ಸ್ಪಷ್ಟವಾಗಿದೆ. ಆದರೂ ಕೆಲಸ ಮುಗಿದಿಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಆ ಕ್ಯಾಮೆರಾ ಹಾಕಿಸಿದವರು ಆ ಮನೆಯಲ್ಲಿ ವಾಸವಾಗಿಲ್ಲ. ಹಣ ಬಂದದ್ದು ಕುವೈತಿನಿಂದ, ನೋಡಬೇಕಾದ ಕಣ್ಣುಗಳಿರುವುದೂ ಕುವೈತಿನಲ್ಲಿ. ಇಲ್ಲಿಂದ ಕಾಣಿಸದಿದ್ದರೆ ಅಲ್ಲಿ ಎಷ್ಟು ಚೆನ್ನಾಗಿ ರೆಕಾರ್ಡ್ ಆದರೂ ಆ ಕೆಲಸ ಅರ್ಧಕ್ಕೇ ನಿಂತಂತೆ.

ನಾನಿರುವುದು ಖೈತಾನ್‌ನಲ್ಲಿ. ವಿಮಾನ ನಿಲ್ದಾಣಕ್ಕೆ ಹತ್ತಿರದ, ಫರ್ವಾನಿಯಾ ಪ್ರಾಂತ್ಯಕ್ಕೆ ಸೇರಿದ ಬಡಾವಣೆ ಇದು. ಭಾರತೀಯರು, ಈಜಿಪ್ಟಿನವರು, ಬಾಂಗ್ಲಾದವರು ಒತ್ತೊತ್ತಾಗಿ ಬದುಕುವ ಜಾಗ. ಕಟ್ಟಡಗಳ ಕ್ಯಾಮೆರಾ, ಫೈರ್ ಅಲಾರಂ, ಟೆಲಿಫೋನ್ ವಯರಿಂಗ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಶುಕ್ರವಾರ ರಜೆಯಾದ್ದರಿಂದ ಅಂದು ಊರಿನವರು ಫೋನ್ ಹಿಡಿದುಕೊಂಡು ಬರುತ್ತಾರೆ. ‘ಅಣ್ಣಾ, ಮನೆ ಕ್ಯಾಮೆರಾ ಬರ್ತಾ ಇಲ್ಲ, ಒಂಚೂರು ನೋಡಿ ಮಾರಾಯ್ರೆ.’ ಡ್ರೈವರ್‌ಗಳು, ನರ್ಸ್‌ಗಳು, ಹೋಟೆಲ್ ಕೆಲಸದವರು, ಆಫೀಸ್ ಗುಮಾಸ್ತರು ಎಲ್ಲರೂ ಬರುತ್ತಾರೆ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿರುತ್ತದೆ, ಅಥವಾ ‘ಆಫ್‌ಲೈನ್’ ಎಂದು ಬಂದಿರುತ್ತದೆ. ಆ ಫೋನ್‌ಗಳಲ್ಲಿ ನಾನು ನೋಡುವುದು ನಿಮ್ಮ ಕೈಕೆಲಸ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಈ ಚಿತ್ರಕ್ಕೆ ಇಷ್ಟೇಕೆ ಹಂಬಲ ಎಂದು ನಿಮಗೆ ಅನಿಸಬಹುದು. ಇಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಸರ್ಕಾರದ ನಿಯಮ. ಕುವೈತ್ ನಮ್ಮೂರಿಗಿಂತ ಎರಡೂವರೆ ಗಂಟೆ ಹಿಂದೆ. ಅಂದರೆ ಹೊರಗೆ ದುಡಿಯುವವನೊಬ್ಬ ಮತ್ತೆ ಬಿಸಿಲಿಗಿಳಿಯುವ ಹೊತ್ತಿಗೆ ಊರಲ್ಲಿ ಆರೂವರೆ, ಅಮ್ಮ ತುಳಸಿಕಟ್ಟೆಗೆ ದೀಪ ಇಡುವ ಸಮಯ. ಅಂಗಳದ ಕ್ಯಾಮೆರಾದಲ್ಲಿ ಅಷ್ಟು ಕಂಡರೆ ಅವನಿಗೆ ಸಾಕು. ಫೋನ್ ಮಾಡಿದರೆ ಅಮ್ಮ ‘ಆರಾಮಿದ್ದೇನೆ’ ಎಂದೇ ಹೇಳುತ್ತಾರೆ. ಕಾಲು ನೋವಿದ್ದರೂ ಅದನ್ನೇ ಹೇಳುತ್ತಾರೆ. ಅವರು ನಡೆಯುವುದನ್ನು ನೋಡಿದವನಿಗೆ ಮಾತ್ರ ನಿಜ ಗೊತ್ತಾಗುತ್ತದೆ.

ಕೊರೊನಾ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಕುವೈತ್ ವಿಮಾನ ಸಂಚಾರ ನಿಲ್ಲಿಸಿತು. ಭಾರತದಿಂದ ನೇರವಾಗಿ ಇಲ್ಲಿಗೆ ಬರುವ ದಾರಿ ಮತ್ತೆ ತೆರೆದದ್ದು 2021ರ ಸೆಪ್ಟೆಂಬರ್ ಹೊತ್ತಿಗೆ. ಅಷ್ಟೂ ಕಾಲ ಊರಿಗೆ ಹೋದರೆ ಇಕಾಮಾ (ಇಲ್ಲಿ ವಾಸಿಸುವ ಪರವಾನಗಿ), ಕೆಲಸ ಎರಡೂ ಹೋದೀತೆಂಬ ಭಯದಲ್ಲಿ ಜನ ಇಲ್ಲೇ ಉಳಿದರು. ಮನೆಯನ್ನು ಕಣ್ಣಾರೆ ಕಾಣುವುದಕ್ಕೆ ಫೋನಿನ ಪರದೆಯಲ್ಲದೆ ಬೇರೆ ದಾರಿಯೇ ಇರಲಿಲ್ಲ. ಅಂಥವರ ಫೋನಿನಲ್ಲಿ ‘ಆಫ್‌ಲೈನ್’ ಎಂದು ಬಂದರೆ ಅದನ್ನು ಬರೇ ತಾಂತ್ರಿಕ ತೊಂದರೆ ಎಂದು ಬದಿಗೆ ಸರಿಸಲಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಕೆಲಸ ಮುಗಿಸಿ, ಮನೆಯವರ ಫೋನಿಗೆ ಆ್ಯಪ್ ಹಾಕಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ‘ನೋಡಿ, ಬರ್ತದೆ’ ಎಂದು ತೋರಿಸಿ ಹೊರಡುತ್ತೀರಿ. ಆ ಹೊತ್ತಿನಲ್ಲಿ ಫೋನ್ ಮನೆಯ ವೈಫೈಯಲ್ಲೇ ಇರುತ್ತದೆ. ಫೋನೂ ರೆಕಾರ್ಡರೂ ಒಂದೇ ರೂಟರಿನ ಕೆಳಗಿದ್ದರೆ ಚಿತ್ರ ಆ ಕೋಣೆಯಿಂದ ಈ ಕೋಣೆಗೆ ಬಂದಿರಬಹುದು ಅಷ್ಟೆ, ಇಂಟರ್ನೆಟ್ಟನ್ನು ಮುಟ್ಟಿಯೇ ಇರಲಿಕ್ಕಿಲ್ಲ. ಮನೆಯೊಳಗೆ ಬಂದ ಚಿತ್ರ ಖೈತಾನ್‌ಗೂ ಬರುತ್ತದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅದಕ್ಕೇ ಕೇಳುತ್ತೇನೆ: ವೈಫೈ ಆರಿಸಿ, ಮೊಬೈಲ್ ಡೇಟಾ ಹಾಕಿ, ಆಮೇಲೆ ತೋರಿಸಿ. ಅದಕ್ಕಿಂತ ಒಳ್ಳೆಯದು, ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಅಲ್ಲಿಂದಲೇ ಫೋನ್ ಮಾಡಿ, ಅವರ ಪರದೆಯಲ್ಲಿ ಚಿತ್ರ ಬಂತು ಎಂದು ಅವರ ಬಾಯಿಂದ ಕೇಳಿದ ಮೇಲೆ ಏಣಿ ಕಟ್ಟಿ. ಇಷ್ಟು ಮಾಡಿದರೆ ಶುಕ್ರವಾರ ನನ್ನ ಬಳಿಗೆ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲ.

ಮೊಬೈಲ್ ಡೇಟಾದಲ್ಲಿ ಬರದಿದ್ದರೆ ಏನು ಮಾಡಬೇಕು? ನಿಮ್ಮಲ್ಲಿ ಹಲವರು ತಕ್ಷಣ ಪೋರ್ಟ್ ಫಾರ್ವರ್ಡಿಂಗ್‌ಗೆ ಕೈ ಹಾಕುತ್ತೀರಿ. ರೂಟರಿನೊಳಗೆ ಹೋಗಿ 80, 8000, 37777 ಎಂದೆಲ್ಲ ತುಂಬಿಸುತ್ತೀರಿ. ಬರುವುದಿಲ್ಲ. ರೀಸ್ಟಾರ್ಟ್ ಮಾಡುತ್ತೀರಿ, ಆಗಲೂ ಬರುವುದಿಲ್ಲ. ಕೊನೆಗೆ ‘ನಿಮ್ಮ ನೆಟ್ ಸರಿ ಇಲ್ಲ’ ಎಂದು ಹೇಳಿ ಹೊರಡುತ್ತೀರಿ. ನೆಟ್ ಕಂಪನಿಯವರನ್ನು ಕೇಳಿದರೆ ‘ಕ್ಯಾಮೆರಾ ಸರಿ ಇಲ್ಲ’ ಎನ್ನುತ್ತಾರೆ. ಇಬ್ಬರ ನಡುವೆ ಮನೆಯ ಮುದುಕರು ಸಿಕ್ಕಿಬೀಳುತ್ತಾರೆ. ನಿಜವಾದ ಕಾರಣ ಇನ್ನೊಂದಿದೆ, ಅದನ್ನು ನೀವು ರೂಟರಿನ ಸ್ಟೇಟಸ್ ಪುಟದಲ್ಲೇ ನೋಡಬಹುದು.

ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಅದೇ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ ಪೆಸಿಫಿಕ್ ಭಾಗದ ದಾಸ್ತಾನೂ ತಳ ಕಂಡಿತು. ಆಮೇಲೆ ಬಂದ ಕೋಟ್ಯಂತರ ಸಂಪರ್ಕಗಳಿಗೆ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚತೊಡಗಿದವು. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಇದಕ್ಕೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಬೇರೆಯಾಗಿ ತೆಗೆದಿಟ್ಟರು.

ಖೈತಾನ್‌ನ ನಮ್ಮ ಕಟ್ಟಡವನ್ನೇ ನೋಡಿ. ಹೊರಗೆ ಒಂದು ನಂಬರು, ಒಳಗೆ ಹತ್ತಾರು ಫ್ಲ್ಯಾಟು, ಒಂದೊಂದರಲ್ಲೂ ಹಂಚಿಕೊಂಡಿರುವ ಮಂದಿ. ಒಳಗಿರುವವನು ಹೊರಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಹೊರಗಿನವನು ಕಟ್ಟಡದ ನಂಬರು ಮಾತ್ರ ಹಿಡಿದು ‘ನಮ್ಮೂರಿನ ಒಬ್ಬರಿದ್ದಾರೆ’ ಎಂದು ಬಂದರೆ ಬಾಗಿಲಲ್ಲಿ ಕೂತ ಹಾರಿಸ್, ಅಂದರೆ ಕಾವಲುಗಾರ, ಯಾವ ಫ್ಲ್ಯಾಟಿಗೆ ಕಳಿಸಬೇಕು? ವಾಪಸು ಕಳಿಸುತ್ತಾನೆ. ನೀವು ಮನೆಯ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಅದು ಫ್ಲ್ಯಾಟಿನ ಬಾಗಿಲು ತೆರೆದಿಟ್ಟ ಹಾಗೆ. ಕೆಳಗಿನ ಗೇಟು ನಿಮ್ಮ ಕೈಯಲ್ಲಿಲ್ಲ, ಕಂಪನಿಯ ಕೈಯಲ್ಲಿದೆ.

ಪರೀಕ್ಷೆ ಸುಲಭ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂಬಲ್ಲಿರುವ ಸಂಖ್ಯೆ ಬರೆದುಕೊಳ್ಳಿ. ಅದೇ ಮನೆಯ ವೈಫೈಯಿಂದ ‘ನನ್ನ ಐಪಿ ಯಾವುದು’ ಎಂದು ಗೂಗಲ್‌ನಲ್ಲಿ ಹುಡುಕಿ. ಎರಡೂ ಒಂದೇ ಆಗಿದ್ದರೆ ಸಾರ್ವಜನಿಕ ವಿಳಾಸವಿದೆ. ವ್ಯಾನ್ ಐಪಿ 100.64 ಮತ್ತು 100.127ರ ನಡುವೆ ಇದ್ದರೆ ಸಿಜಿ-ನ್ಯಾಟ್. ಪೋರ್ಟ್ ಫಾರ್ವರ್ಡಿಂಗ್ ಅಲ್ಲಿ ಎಂದಿಗೂ ಆಗದು, ಸಮಯ ಹಾಳು ಮಾಡಬೇಡಿ. 192.168 ಎಂದು ಶುರುವಾದರೆ ಹೆಚ್ಚಾಗಿ ಇನ್ನೊಂದು ಕಥೆ: ಫೈಬರಿನವರು ಇಟ್ಟ ಪೆಟ್ಟಿಗೆಯೂ ರೂಟರಿನ ಕೆಲಸ ಮಾಡುತ್ತಿದೆ, ಅದರ ಹಿಂದೆ ಮನೆಯವರು ಅಂಗಡಿಯಿಂದ ತಂದ ಇನ್ನೊಂದು ರೂಟರ್ ಇದೆ. ಎರಡರಲ್ಲಿ ಒಂದನ್ನು ಬ್ರಿಡ್ಜ್ ಮಾಡಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ನೀವಿಬ್ಬರೂ, ಅಂದರೆ ಕ್ಯಾಮೆರಾದವರೂ ನೆಟ್ಟಿನವರೂ, ಒಬ್ಬರನ್ನೊಬ್ಬರು ದೂರುವುದು ಅಲ್ಲಿಗೇ ನಿಲ್ಲುತ್ತದೆ.

ಹಲವು ಕಂಪನಿಗಳು ಬೇರೆ ಹಣ ಪಡೆದು ಸ್ಥಿರ ಐಪಿ ಕೊಡುತ್ತವೆ. ಆದರೆ ಮನೆಗಳಿಗೆ ಅದನ್ನು ಹಾಕಿಸಿ ಪೋರ್ಟ್ ತೆರೆದಿಡಿ ಎಂದು ನಾನು ಹೇಳುವುದಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ. ಮನೆಗೆ ಪಿ2ಪಿ ಸಾಕು. ರೆಕಾರ್ಡರ್ ತಾನಾಗಿಯೇ ಹೊರಗೆ ಹೋಗಿ ತಯಾರಕರ ಸರ್ವರಿನಲ್ಲಿ ಹೆಸರು ಹೇಳಿ ಕಾಯುತ್ತದೆ. ಇಲ್ಲಿಂದ ಫೋನೂ ಅದೇ ಸರ್ವರಿಗೆ ಹೋಗುತ್ತದೆ. ಸರ್ವರ್ ಇಬ್ಬರನ್ನೂ ಪರಿಚಯಿಸುತ್ತದೆ. ಎರಡೂ ಕಡೆಯ ಜಾಲ ಒಪ್ಪಿದರೆ ಚಿತ್ರ ನೇರವಾಗಿ ಬರುತ್ತದೆ. ಒಪ್ಪದಿದ್ದರೆ ಅದೇ ಸರ್ವರಿನ ಮೂಲಕ ಸುತ್ತಿ ಬರಬೇಕು, ಆಗ ನಿಧಾನವಾಗುತ್ತದೆ. ಮೊಬೈಲ್ ಜಾಲಗಳೂ ಹಂಚಿಕೆಯ ವಿಳಾಸಗಳ ಮೇಲೇ ನಡೆಯುವುದು ಸಾಮಾನ್ಯವಾದ್ದರಿಂದ ಈ ಸುತ್ತುದಾರಿ ಅಪರೂಪವೇನಲ್ಲ. ಅದಕ್ಕೇ ಆ್ಯಪ್‌ನಲ್ಲಿ ಸಬ್ ಸ್ಟ್ರೀಮ್ ಇಟ್ಟು ಕೊಡಿ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಮುಖ್ಯ ಚಿತ್ರ ಸೆಕೆಂಡಿಗೆ ನಾಲ್ಕು ಮೆಗಾಬಿಟ್‌ವರೆಗೂ ಕೇಳಬಹುದು. ನಾಲ್ಕು ಕ್ಯಾಮೆರಾ ಒಟ್ಟಿಗೆ ತೆರೆದರೆ ಹದಿನಾರು. ಸಬ್ ಸ್ಟ್ರೀಮ್ ಅರ್ಧ ಮೆಗಾಬಿಟ್‌ನಲ್ಲಿ ಮುಗಿಯುತ್ತದೆ. ಮನೆಯ ಪ್ಲಾನಿನ ಡೇಟಾ ಮಿತಿ ಮುಗಿದು ವೇಗ ಇಳಿದ ತಿಂಗಳ ಕೊನೆಯಲ್ಲಿ ಈ ವ್ಯತ್ಯಾಸವೇ ಚಿತ್ರ ಬರುವುದಕ್ಕೂ ಬಾರದಿರುವುದಕ್ಕೂ ಕಾರಣ. ಅಮ್ಮ ಅಂಗಳದಲ್ಲಿ ನಡೆದಾಡುವುದನ್ನು ನೋಡಲು ಅಷ್ಟು ಸ್ಪಷ್ಟತೆ ಸಾಕು. ಕಳ್ಳನ ಮುಖ ನೋಡಬೇಕಾದರೆ ಮುಖ್ಯ ಚಿತ್ರ ಡಿಸ್ಕಿನಲ್ಲಿ ಇದ್ದೇ ಇರುತ್ತದೆ.

ನಮ್ಮ ಕರಾವಳಿಗೇ ವಿಶೇಷವಾದ ತೊಂದರೆಯೊಂದಿದೆ. ಅದನ್ನು ನಾನು ಇಲ್ಲಿಂದಲೇ ಕಲಿತೆ, ಯಾಕೆಂದರೆ ಅದು ಏಪ್ರಿಲ್–ಮೇ ತಿಂಗಳಲ್ಲಿ ಗುಂಪಾಗಿ ಬರುತ್ತದೆ. ಮಳೆಗಾಲಕ್ಕೆ ಮುಂಚಿನ ಗುಡುಗು–ಸಿಡಿಲಿಗೆ ಫೈಬರಿನ ಪೆಟ್ಟಿಗೆ, ಅಂದರೆ ಓಎನ್‌ಯು, ಸುಟ್ಟುಹೋಗುತ್ತದೆ. ಕೇಬಲಿನವನು ಬಂದು ಹೊಸದು ಇಟ್ಟು ಹೋಗುತ್ತಾನೆ. ಮನೆಯ ಫೋನ್‌ಗಳಲ್ಲಿ ವೈಫೈ ಬರುತ್ತದೆ. ಅಮ್ಮ ‘ನೆಟ್ ಬರ್ತದೆ ಮಗಾ’ ಎನ್ನುತ್ತಾರೆ, ಅದು ನಿಜ. ಆದರೆ ಕ್ಯಾಮೆರಾ ಮಾತ್ರ ಆಫ್‌ಲೈನ್. ಕಾರಣ, ನೀವು ರೆಕಾರ್ಡರಿಗೆ ಕೈಯಾರೆ ಸ್ಥಿರ ವಿಳಾಸ ಕೊಟ್ಟಿದ್ದೀರಿ, ಅಥವಾ ಅದು ಕಾರ್ಖಾನೆಯಿಂದ ಬಂದ 192.168.1.108ರಂಥ ವಿಳಾಸದಲ್ಲೇ ಉಳಿದಿದೆ. ಹೊಸ ಪೆಟ್ಟಿಗೆ ಮನೆಯೊಳಗೆ ಹಂಚುವುದು 192.168.0 ಅಥವಾ 192.168.100ರ ಸಾಲಿನ ವಿಳಾಸ. ರೆಕಾರ್ಡರ್ ಹಳೆಯ ಗೇಟ್‌ವೇಯನ್ನೇ ಹುಡುಕುತ್ತಾ ಕೂರುತ್ತದೆ, ಆ ಹೆಸರಿನ ದಾರಿ ಈಗ ಆ ಮನೆಯಲ್ಲಿ ಇಲ್ಲ. ಸಾಧನದಲ್ಲಿ ಏನೂ ಕೆಟ್ಟಿರುವುದಿಲ್ಲ. ಆದರೂ ಹೊಸ ರೆಕಾರ್ಡರ್ ತೆಗೆದುಕೊಂಡವರನ್ನು ಬಲ್ಲೆ.

ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ರೆಕಾರ್ಡರಿನ ನೆಟ್‌ವರ್ಕ್ ಪುಟದಲ್ಲಿ ಡಿಎಚ್‌ಸಿಪಿ ಆನ್ ಮಾಡಿಡಿ. ಪಿ2ಪಿಗೆ ಸ್ಥಿರ ವಿಳಾಸದ ಅಗತ್ಯವೇ ಇಲ್ಲ. ಡಿಎನ್‌ಎಸ್ ಜಾಗ ಖಾಲಿ ಬಿಡಬೇಡಿ. ಅಲ್ಲಿ ಸೊನ್ನೆಗಳಿದ್ದರೆ ರೆಕಾರ್ಡರಿಗೆ ಸರ್ವರಿನ ಹೆಸರು ಗೊತ್ತಿದ್ದರೂ ದಾರಿ ಗೊತ್ತಾಗುವುದಿಲ್ಲ. ಓಎನ್‌ಯು, ರೂಟರ್, ರೆಕಾರ್ಡರ್ ಮೂರನ್ನೂ ಇನ್ವರ್ಟರಿನ ಲೈನಿಗೆ ಹಾಕಿ. ಕರೆಂಟು ಹೋದಾಗ ಫ್ಯಾನು ತಿರುಗುತ್ತಿರುತ್ತದೆ, ನೆಟ್ ಸತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಕಂಡ ಸ್ಥಿತಿ ಇದು. ಮಳೆಗಾಲದ ರಾತ್ರಿ ಕರೆಂಟು ಹೋದ ಹೊತ್ತೇ ಇಲ್ಲಿರುವವನಿಗೆ ಮನೆ ಕಾಣಬೇಕಾದ ಹೊತ್ತು.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಪೆಟ್ಟಿಗೆಗಳನ್ನು ಅಟ್ಟದ ಮೇಲೆ, ಕಪಾಟಿನ ತಲೆಯ ಮೇಲೆ ಇಡಬೇಡಿ. ತೊಂದರೆ ಬಂದಾಗ ಮಗ ಕುವೈತಿನಿಂದ ಫೋನ್ ಮಾಡಿ ‘ಅಮ್ಮಾ, ಆ ಪೆಟ್ಟಿಗೆಯಲ್ಲಿ ಯಾವ ಲೈಟು ಉರಿಯುತ್ತಿದೆ ನೋಡು’ ಎನ್ನುತ್ತಾನೆ. ಎಪ್ಪತ್ತು ದಾಟಿದ ಹೆಂಗಸು ಸ್ಟೂಲ್ ಹತ್ತುತ್ತಾರೆ. ಮಂಡಿ ನೋವಿರುವವರು, ಕಣ್ಣಿಗೆ ಪೊರೆ ಬಂದವರು ಹತ್ತುತ್ತಾರೆ. ಅವರನ್ನು ಜೋಪಾನ ಮಾಡಲೆಂದು ಹಾಕಿದ ಕ್ಯಾಮೆರಾದ ದೆಸೆಯಿಂದ ಅವರು ಬೀಳಬಾರದು. ನಿಂತ ಕಡೆಯಿಂದ ಕಣ್ಣಿಗೆ ಕಾಣುವ ಎತ್ತರದಲ್ಲಿಡಿ. ಪಕ್ಕದಲ್ಲಿ ಒಂದು ಕಾಗದ ಅಂಟಿಸಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಎಲ್‌ಓಎಸ್ ದೀಪ ಕೆಂಪಾಗಿ ಉರಿದರೆ ಹೊರಗಿನ ಫೈಬರ್ ತುಂಡಾಗಿದೆ, ಕೇಬಲಿನವರಿಗೆ ಫೋನ್ ಮಾಡಿ, ಯಾವ ದೀಪವೂ ಇಲ್ಲದಿದ್ದರೆ ಅಡಾಪ್ಟರ್ ಹೋಗಿದೆ, ದೀಪಗಳೆಲ್ಲ ಸರಿಯಿದ್ದೂ ಕ್ಯಾಮೆರಾ ಇಲ್ಲದಿದ್ದರೆ ನಮಗೆ ಫೋನ್ ಮಾಡಿ. ಕೆಳಗೆ ಎರಡು ನಂಬರು. ತೆಂಗಿನ ಮಡಲು ಬಿದ್ದು ಕಂಬದ ಮೇಲಿನ ಫೈಬರ್ ತುಂಡಾಗುವ ಊರು ನಮ್ಮದು. ಆ ಕೆಂಪು ದೀಪದ ಅರ್ಥ ಗೊತ್ತಿದ್ದರೆ ಅರ್ಧ ದಿನದ ಗಾಬರಿ ತಪ್ಪುತ್ತದೆ.

ಸಣ್ಣ ಸಂಗತಿಗಳು ಇನ್ನೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ರೆಕಾರ್ಡರಿನ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಜೋಡಿಸಿ. ತಪ್ಪು ದಿನಾಂಕದ ದೃಶ್ಯ ಪೊಲೀಸರ ಮುಂದಿಟ್ಟರೆ ಮೊದಲು ಆ ತಪ್ಪಿಗೇ ವಿವರಣೆ ಕೊಡಬೇಕಾಗುತ್ತದೆ. ಒಂದು ಟಿಬಿ ಡಿಸ್ಕಿನಲ್ಲಿ ಎರಡು ಮೆಗಾಬಿಟ್ ವೇಗದ ನಾಲ್ಕು ಕ್ಯಾಮೆರಾ ಹಗಲೂ ರಾತ್ರಿ ರೆಕಾರ್ಡ್ ಆದರೆ ಉಳಿಯುವುದು ಸುಮಾರು ಹನ್ನೊಂದು ದಿನ. ‘ಒಂದು ತಿಂಗಳು ಇರ್ತದೆ’ ಎಂದು ಹೇಳಬೇಡಿ. ಕ್ಯಾಮೆರಾದ ಕಣ್ಣಿನ ಸುತ್ತಲಿನ ಅತಿಗೆಂಪು ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಕಟ್ಟುತ್ತದೆ. ರಾತ್ರಿ ಆ ಬಲೆ ಬೆಳ್ಳಗೆ ಹೊಳೆದು ಗಾಳಿಗೆ ಅಲುಗಾಡಿದಾಗಲೆಲ್ಲ ಇಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಬೆಳಗಿನ ಪಾಳಿಗೆ ಏಳಬೇಕಾದವನು ನಾಲ್ಕು ರಾತ್ರಿ ಅದನ್ನು ಸಹಿಸಿ ಐದನೆಯ ರಾತ್ರಿ ನೋಟಿಫಿಕೇಶನ್ನನ್ನೇ ಮುಚ್ಚುತ್ತಾನೆ. ಆಮೇಲೆ ನಿಜವಾಗಿ ಯಾರಾದರೂ ಬಂದರೂ ಅವನಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸಿ ಎಂದು ಮನೆಯವರಿಗೆ ಹೇಳಿಕೊಡಿ.

ಈಗ ನನ್ನ ಮುಖ್ಯ ಮಾತು. ಪಾಸ್‌ವರ್ಡ್.

ಒಂದು ಊರಿನಲ್ಲಿ ಒಬ್ಬ ಕೂರಿಸಿದ ಎಲ್ಲ ಮನೆಗಳ ಪಾಸ್‌ವರ್ಡೂ ಒಂದೇ ಆಗಿರುವುದನ್ನು ಕಂಡಿದ್ದೇನೆ. ಅಡ್ಮಿನ್ ಎಂಬ ಹೆಸರು, ಅದರ ಮುಂದೆ 12345 ಅಥವಾ 123. ನೆನಪಿಡಲು ಸುಲಭ, ರಿಪೇರಿಗೆ ಬಂದಾಗ ಕೇಳಬೇಕಾಗಿಲ್ಲ ಎಂಬ ನಿಮ್ಮ ಕಾರಣ ನನಗೆ ಅರ್ಥವಾಗುತ್ತದೆ. ಅದರ ಬೆಲೆ ಏನೆಂದು ಜಗತ್ತು 2016ರಲ್ಲೇ ನೋಡಿತು. ಮಿರಾಯ್ ಎಂಬ ದುಷ್ಟ ತಂತ್ರಾಂಶ ಅರವತ್ತಕ್ಕೂ ಹೆಚ್ಚು ಇಂಥ ಕಾರ್ಖಾನೆಯ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದುಕೊಂಡು ಇಂಟರ್ನೆಟ್ಟಿನಲ್ಲಿ ತೆರೆದು ಬಿದ್ದಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಬಾಗಿಲು ತಟ್ಟುತ್ತಾ ಹೋಯಿತು. ಒಳಗೆ ಬಿಟ್ಟುಕೊಂಡ ಸಾಧನಗಳನ್ನೆಲ್ಲ ದಂಡು ಕಟ್ಟಿತು. ಅಕ್ಟೋಬರ್ 21ರಂದು ಆ ದಂಡು ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದ ದೊಡ್ಡ ಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸ್ತಬ್ಧವಾದವು. ಮರುವರ್ಷ ಡಿಸೆಂಬರ್‌ನಲ್ಲಿ ಮಿರಾಯ್ ಸೃಷ್ಟಿಸಿದ್ದಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವರು ಮೂವರು ಯುವಕರು.

ಅದು ದೂರದ್ದು ಎನಿಸಿದರೆ ಹತ್ತಿರದ್ದನ್ನೇ ಕೇಳಿ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು, ವೈದ್ಯರ ಪರೀಕ್ಷೆಗೆ ಒಳಗಾಗಿದ್ದ ಹೆಣ್ಣುಮಕ್ಕಳ ದೃಶ್ಯಗಳು, ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡು ಟೆಲಿಗ್ರಾಮ್‌ನಲ್ಲಿ ಮಾರಾಟಕ್ಕೆ ಬಂದವು. ಅಹಮದಾಬಾದ್ ಸೈಬರ್ ಪೊಲೀಸರು ಹಲವರನ್ನು ಬಂಧಿಸಿದರು. ಆ ವ್ಯವಸ್ಥೆಯ ಪಾಸ್‌ವರ್ಡ್ ‘ಅಡ್ಮಿನ್123’ ಎಂದಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಅಲ್ಲಿಯೂ ಯಾರೋ ಒಬ್ಬ ಏಣಿ ಹತ್ತಿ ಕೂರಿಸಿ, ‘ನೋಡಿ, ಬರ್ತದೆ’ ಎಂದು ತೋರಿಸಿ ಹೋಗಿರಬೇಕು. ಅದನ್ನು ಯೋಚಿಸಿದರೆ ನನಗೆ ಕೈ ನಡುಗುತ್ತದೆ, ಯಾಕೆಂದರೆ ನನ್ನ ವೃತ್ತಿಯೂ ಅದೇ.

ಪೋರ್ಟ್ ತೆರೆದಿಡಬೇಡಿ ಎಂದದ್ದು ಇದೇ ಕಾರಣಕ್ಕೆ. ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಸಾಧನದ ತಂತ್ರಾಂಶದಲ್ಲೇ ತೂತಿರಬಹುದು. ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಿ ಆಜ್ಞೆ ನಡೆಸಬಹುದಾದ ಅಂಥ ದೋಷ 2021ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಕಂಪನಿ ತಿದ್ದಿದ ತಂತ್ರಾಂಶ ಹೊರತಂದಿತು. ಆದರೆ ಅದನ್ನು ಪ್ರತಿ ಮನೆಗೂ ಹಾಕುವವರು ಯಾರು? ನೀವೇ ಹಾಕಬೇಕು, ಇಲ್ಲದಿದ್ದರೆ ಯಾರೂ ಹಾಕುವುದಿಲ್ಲ. ಭಾರತ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ದಾಟಿಯೇ ಮಾರುಕಟ್ಟೆಗೆ ಬರಬೇಕು. ಒಳ್ಳೆಯ ನಿಯಮ. ಆದರೆ ಅದಕ್ಕೆ ಮೊದಲೇ ಮಾಡಿನ ಅಂಚಿನಲ್ಲಿ ಕೂತ ಕ್ಯಾಮೆರಾಗಳನ್ನು ಆ ನಿಯಮ ಮುಟ್ಟುವುದಿಲ್ಲ.

ಪಾಸ್‌ವರ್ಡಿನಷ್ಟೇ ಮುಖ್ಯವಾದದ್ದು, ರೆಕಾರ್ಡರ್ ಯಾರ ಖಾತೆಗೆ ಸೇರಿದೆ ಎನ್ನುವುದು. ಕ್ಯೂಆರ್ ಕೋಡನ್ನು ಮೊದಲು ಸ್ಕ್ಯಾನ್ ಮಾಡಿದವನ ಖಾತೆಗೆ ಅದು ಸೇರುತ್ತದೆ. ಅವಸರದಲ್ಲಿ ನೀವು ನಿಮ್ಮ ಫೋನಿನಲ್ಲೇ ಮಾಡುತ್ತೀರಿ, ಮನೆಯವರಿಗೆ ‘ಶೇರ್’ ಮಾಡುತ್ತೀರಿ. ಎರಡು ವರ್ಷ ಎಲ್ಲ ಸರಿ. ಮೂರನೆಯ ವರ್ಷ ನಿಮ್ಮ ನಂಬರು ಬದಲಾಗುತ್ತದೆ, ಅಂಗಡಿ ಮುಚ್ಚುತ್ತದೆ, ಅಥವಾ ನೀವೇ ವೀಸಾ ಸಿಕ್ಕಿ ದುಬೈಗೋ ಕುವೈತಿಗೋ ಬರುತ್ತೀರಿ. ಇತ್ತ ಮಗ ಹೊಸ ಫೋನ್ ತೆಗೆದುಕೊಂಡು ಮತ್ತೆ ಸೇರಿಸಲು ಹೋದರೆ ‘ಈ ಸಾಧನ ಬೇರೆ ಖಾತೆಗೆ ಸೇರಿದೆ’ ಎಂದು ಬರುತ್ತದೆ. ತನ್ನ ದುಡ್ಡಿನ ಕ್ಯಾಮೆರಾ, ತನ್ನ ಮನೆ, ತನ್ನ ತಾಯಿ. ನೋಡುವ ಅಧಿಕಾರ ಮಾತ್ರ ಎಲ್ಲೋ ಇರುವ ಅಪರಿಚಿತನ ಫೋನಿನಲ್ಲಿ. ಹೀಗಾದ ಒಂದು ಮನೆಯ ಮಗಳು, ಇಲ್ಲಿ ನರ್ಸ್ ಆಗಿರುವವಳು, ನನ್ನನ್ನು ಕೇಳಿದ ಮಾತು ನೆನಪಿದೆ: ‘ಹಾಗಾದರೆ ಇಷ್ಟು ದಿನ ಅವನೂ ನೋಡುತ್ತಿದ್ದನಾ ಅಣ್ಣ?’ ನೋಡಿರಲಿಕ್ಕಿಲ್ಲ. ಆದರೆ ‘ಇಲ್ಲ’ ಎಂದು ಖಚಿತವಾಗಿ ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ನಿಮ್ಮ ಪ್ರಾಮಾಣಿಕತೆಯ ಮೇಲೆ ಇಂಥ ಅನುಮಾನ ಬರದ ಹಾಗೆ ನೀವೇ ನೋಡಿಕೊಳ್ಳಬೇಕು. ಖಾತೆ ಮನೆಯವರ ಇಮೇಲ್‌ನಲ್ಲಿ ತೆರೆಯಿರಿ. ರೆಕಾರ್ಡರಿನ ಪಾಸ್‌ವರ್ಡ್ ಅವರೇ ಟೈಪ್ ಮಾಡಲಿ, ನೀವು ಮುಖ ತಿರುಗಿಸಿ. ರಿಪೇರಿಗೆ ಬೇಕಿದ್ದರೆ ನಿಮಗೆ ಬೇರೆ ಯೂಸರ್ ಮಾಡಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಎಂದು ನೀವೇ ಹೇಳಿ.

ಇನ್ನು ಕ್ಯಾಮೆರಾ ಎಲ್ಲಿ ಕೂರಬೇಕು ಎಂಬ ವಿಷಯ. ನಾನು ದುಡಿಯುವ ಈ ದೇಶದಲ್ಲಿ 2015ರ 61ನೇ ಕಾನೂನು ಇದೆ. ಕ್ಯಾಮೆರಾ ಇದೆ ಎಂದು ಫಲಕ ಹಾಕಬೇಕು. ಮಲಗುವ ಜಾಗ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಲ್ಲಿ ಕ್ಯಾಮೆರಾ ಕೂರಿಸುವಂತಿಲ್ಲ. ನಮ್ಮಲ್ಲೂ ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿದರೆ ಐಟಿ ಕಾಯಿದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಮನೆಯೊಳಗಿನ ವಿಷಯದಲ್ಲಿ ಕಾನೂನಿಗಿಂತ ಮೊದಲು ಕೇಳಬೇಕಾದವರು ಮನೆಯ ಹೆಂಗಸರು. ಮಗ ಇಲ್ಲಿಂದ ‘ಅಮ್ಮನ ಕೋಣೆಯಲ್ಲೂ ಒಂದಿರಲಿ, ರಾತ್ರಿ ಬಿದ್ದುಗಿದ್ದರೆ ಗೊತ್ತಾಗಲಿ’ ಎನ್ನುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ಆದರೆ ಅಮ್ಮ ಸೀರೆ ಉಡುವುದು, ಎಣ್ಣೆ ಹಚ್ಚಿಕೊಳ್ಳುವುದು, ಒಮ್ಮೊಮ್ಮೆ ಸುಮ್ಮನೆ ಅಳುವುದು ಆ ಕೋಣೆಯಲ್ಲೇ. ಅದು ಯಾವ ಸರ್ವರಿನ ಮೂಲಕವೂ ಹೊರಗೆ ಹೋಗಬಾರದು, ಮಗನ ಫೋನಿಗೂ.

ಖೈತಾನ್‌ನ, ಸಾಲ್ಮಿಯಾದ, ಫಹಾಹೀಲ್‌ನ ನನ್ನ ಅಣ್ಣತಮ್ಮಂದಿರು ಅಕ್ಕತಂಗಿಯರೂ ಇದನ್ನು ಓದುತ್ತಾರೆಂದು ಗೊತ್ತಿದೆ, ಅವರಿಗೂ ಹೇಳುತ್ತೇನೆ. ಚಾವಡಿಯ ಕ್ಯಾಮೆರಾದಲ್ಲಿ ಹೆಂಡತಿ ಯಾರ ಜೊತೆ ಮಾತಾಡುತ್ತಾಳೆ, ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಕೆಲಸದವಳು ಎಷ್ಟು ಸಲ ಕೂರುತ್ತಾಳೆ ಎಂದು ಲೆಕ್ಕ ಇಡುವವರನ್ನು ನಾನು ನೋಡಿದ್ದೇನೆ. ಅಂಥವರು ಫೋನ್ ತಂದುಕೊಟ್ಟಾಗ ನಾನು ಸರಿಮಾಡಿಕೊಡುವುದಿಲ್ಲ. ದಣಪೆ, ಅಂಗಳ, ಹಿಂಬಾಗಿಲು, ತೋಟದ ದಾರಿ. ಇಷ್ಟಕ್ಕೆ ಕ್ಯಾಮೆರಾ ಸಾಕು. ಒಳಗೆ ಬೇಕೇ ಬೇಕೆಂದಾದರೆ ಅದರ ಪ್ಲಗ್ಗು ಅಮ್ಮನ ಕೈಗೆ ಸಿಗುವ ಕಡೆ ಇರಲಿ, ಅವರು ತೆಗೆದರೆ ‘ಯಾಕೆ ತೆಗೆದೆ’ ಎಂದು ಯಾರೂ ಕೇಳಬಾರದು. ರಾತ್ರಿ ಬಿದ್ದರೆ ಎಂಬ ಚಿಂತೆಗೆ ಕೊರಳಿಗೆ ಹಾಕಿಕೊಳ್ಳುವ ಒತ್ತುಗುಂಡಿಯ ಗಂಟೆ ಇದೆ, ಪಕ್ಕದ ಮನೆಯವರ ನಂಬರಿದೆ.

ತಮ್ಮಂದಿರೇ, ಇಷ್ಟೆಲ್ಲ ಕೇಳುವಾಗ ನಿಮ್ಮ ಕಡೆಯ ನ್ಯಾಯವನ್ನೂ ಹೇಳಬೇಕು. ನಾವು ಗಲ್ಫಿನವರು ಕೊಟೇಶನ್ನಿನಲ್ಲಿ ಐನೂರು ರೂಪಾಯಿಗೂ ಚೌಕಾಸಿ ಮಾಡುತ್ತೇವೆ. ಕ್ಯಾಮೆರಾಕ್ಕೆ, ಡಿಸ್ಕಿಗೆ, ವಯರಿನ ಮೀಟರಿಗೆ ದುಡ್ಡು ಕೊಡುತ್ತೇವೆ; ನೆಟ್‌ವರ್ಕ್ ಸರಿಮಾಡಿ, ಪರೀಕ್ಷೆ ಮಾಡಿ, ಮನೆಯವರಿಗೆ ಹೇಳಿಕೊಡುವ ಎರಡು ಗಂಟೆಗೆ ಕೊಡುವುದಿಲ್ಲ. ಬಿಲ್ಲಿನಲ್ಲಿ ಇಲ್ಲದ ಕೆಲಸವನ್ನು ನೀವು ಅವಸರದಲ್ಲಿ ಮುಗಿಸಿದರೆ ಅದರಲ್ಲಿ ನಮ್ಮ ಪಾಲೂ ಇದೆ. ಹಾಗಾಗಿ ಅದನ್ನು ಬಿಲ್ಲಿನಲ್ಲೇ ಬರೆಯಿರಿ. ‘ದೂರದಿಂದ ನೋಡುವ ವ್ಯವಸ್ಥೆ, ಪರೀಕ್ಷೆ, ಒಪ್ಪಿಸುವಿಕೆ’ ಎಂದು ಬೇರೆ ಸಾಲು ಹಾಕಿ, ನ್ಯಾಯವಾದ ಮೊತ್ತ ಹಾಕಿ. ಕೊಡುವವರು ಕೊಡುತ್ತಾರೆ. ಕೊಡದವರಿಗೆ ಈ ಪತ್ರ ತೋರಿಸಿ.

ಈ ಏಪ್ರಿಲ್‌ನ ಗುಡುಗು ಶುರುವಾಗುವ ಮೊದಲು ನೀವು ಹಿಂದೆ ಕೂರಿಸಿದ ಮನೆಗಳಿಗೆ ಒಮ್ಮೆ ಹೋಗಿ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ಪಾಸ್‌ವರ್ಡ್ ಬದಲಿಸಿ, ತೆರೆದಿಟ್ಟ ಪೋರ್ಟ್ ಮುಚ್ಚಿ, ತಂತ್ರಾಂಶ ಹೊಸದಾಗಿಸಿ, ಖಾತೆಯನ್ನು ಮನೆಯವರ ಹೆಸರಿಗೆ ವರ್ಗಾಯಿಸಿ. ಕೊನೆಗೆ ವೈಫೈ ಆರಿಸಿ, ಮನೆಯ ಯಜಮಾನಿಯ ಎದುರಲ್ಲೇ ಕುವೈತಿಗೆ ಫೋನ್ ಹಚ್ಚಿ. ಸಿಜಿ-ನ್ಯಾಟ್, ಡಿಎಚ್‌ಸಿಪಿ, ಏನಾದರೂ ಅರ್ಥವಾಗದಿದ್ದರೆ ಊರಿನವರ ಬಳಿ ನನ್ನ ನಂಬರು ಕೇಳಿ ಪಡೆಯಿರಿ. ಶುಕ್ರವಾರ ಮಧ್ಯಾಹ್ನದ ಮೇಲೆ ನಾನು ರೂಮಿನಲ್ಲೇ ಇರುತ್ತೇನೆ. ಎಷ್ಟು ಹೊತ್ತಾದರೂ ಫೋನಿನಲ್ಲಿ ಕೂತು ಹೇಳಿಕೊಡುತ್ತೇನೆ, ಅದಕ್ಕೆ ಹಣ ಬೇಡ.

ನಿಮ್ಮ ಊರಿನವನೇ,
ಖೈತಾನ್, ಕುವೈತ್